ಹೊಸ ತೊಟ್ಟಿಯ ಗೋಲ್ಡ್‌ಫಿಶ್ ಏಕೆ ಸೊರಗುತ್ತದೆ?

ಸಾಂಗ್ಲಿ ಮತ್ತು ಮಿರಜಿನ ಅನೇಕ ಮನೆಗಳ ಪಡಸಾಲೆಯಲ್ಲಿ ಇಂದು ಗಾಜಿನ ಅಕ್ವೇರಿಯಂ ಕಾಣಸಿಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೋ, ಪರೀಕ್ಷೆಯಲ್ಲಿ ಪಾಸಾದ ಸಂತೋಷಕ್ಕೋ ತಂದೆತಾಯಿಗಳು ಅದನ್ನು ತಂದುಕೊಡುತ್ತಾರೆ. ಒಂದೇ ಸಂಜೆಗೆ ತೊಟ್ಟಿ, ಬಣ್ಣದ ಕಲ್ಲು, ಗಾಳಿ ಪಂಪು, ನಾಲ್ಕು ಗೋಲ್ಡ್‌ಫಿಶ್ ಎಲ್ಲವೂ ಮನೆಗೆ ಬರುತ್ತವೆ. ಎರಡು ಮೂರು ದಿನ ಮೀನುಗಳು ಚುರುಕಾಗಿ ಓಡಾಡುತ್ತವೆ. ಐದನೆಯ ದಿನ ಒಂದು ಮೀನು ಮೂಲೆ ಹಿಡಿಯುತ್ತದೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕೂರುತ್ತದೆ. ವಾರ ತುಂಬುವುದರೊಳಗೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸತೊಡಗುತ್ತದೆ. ಹತ್ತನೆಯ ದಿನ ಮಗು ಶಾಲೆಯಿಂದ ಬಂದು ನೋಡಿದರೆ ಮೀನು ತೇಲುತ್ತಿರುತ್ತದೆ. ಮತ್ತೊಂದು ಜೋಡಿ ತರುತ್ತಾರೆ, ಅವೂ ಹೋಗುತ್ತವೆ. ಕಡೆಗೆ "ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ" ಎಂದು ತೊಟ್ಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ.

ಮೀನು ಆಗಿಬರದ ಮನೆ ಎಂಬುದು ಯಾವುದೂ ಇಲ್ಲ. ಹೀಗೆ ಸತ್ತ ಮೀನುಗಳಲ್ಲಿ ಹೆಚ್ಚಿನವಕ್ಕೆ ಯಾವ ರೋಗವೂ ಇರುವುದಿಲ್ಲ. ಅವು ತಮ್ಮದೇ ಹೊಲಸಿನ ವಿಷದಿಂದ ಸತ್ತಿರುತ್ತವೆ. ನೀರು ನೋಡಲು ಗಾಜಿನಂತೆ ತಿಳಿಯಾಗಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ, ಅಷ್ಟೆ.

ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಪಾಲು ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾವೇ ಹುಟ್ಟುತ್ತದೆ. ಇದು ಮೀನಿನ ಕಿವಿರು ಮತ್ತು ಚರ್ಮವನ್ನು ಸುಡುತ್ತದೆ. ಕಬ್ಬು ಬೆಳೆಯುವ ನಮ್ಮ ರೈತ ಬಾಂಧವರಿಗೆ ಈ ಮಾತನ್ನು ವಿವರಿಸುವುದು ಸುಲಭ. ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಆ ನೈಟ್ರೇಟನ್ನು ಬೆಳೆ ಹೀರಿಕೊಳ್ಳುತ್ತದೆ. ರಷ್ಯದ ವಿಜ್ಞಾನಿ ಸೆರ್ಗೆ ವಿನೊಗ್ರಾಡ್‌ಸ್ಕಿ ಸುಮಾರು 1890ರಲ್ಲಿ ಈ ಬ್ಯಾಕ್ಟೀರಿಯಾಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಹೊಲದಲ್ಲಿ ನಡೆಯುವ ಇದೇ ಕೆಲಸ ಹಳೆಯ ಅಕ್ವೇರಿಯಂನ ಕಲ್ಲುಗಳ ಮೇಲೆ, ಫಿಲ್ಟರಿನ ಸ್ಪಂಜಿನೊಳಗೆ ಹಗಲಿರುಳು ನಡೆಯುತ್ತಿರುತ್ತದೆ. ಕೊನೆಗೆ ಉಳಿಯುವ ನೈಟ್ರೇಟ್ ಮೀನಿಗೆ ಅಷ್ಟಾಗಿ ಅಪಾಯ ಮಾಡದು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೊದಲು ಅಮೋನಿಯಾ, ಆಮೇಲೆ ನೈಟ್ರೈಟ್ ಏರುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಗೊಬ್ಬರದ ನೈಟ್ರೇಟ್ ಇಳಿದ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದಾಗ ಎಳೆಗೂಸುಗಳ ಮೈ ನೀಲಿಗಟ್ಟುವುದೂ ಇದೇ ಕಾರಣದಿಂದ. ಎರಡನೆಯ ವಾರ ಬದುಕುಳಿದ ಮೀನು ನಾಲ್ಕನೆಯ ವಾರ ಸಾಯುವುದೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ನಮ್ಮ ಭಾಗದ ನೀರಿನದೂ ಒಂದು ಪಾಲಿದೆ. ಅಮೋನಿಯಾ ಎಷ್ಟು ವಿಷ ಎಂಬುದು ನೀರಿನ ಕ್ಷಾರಗುಣದ ಮೇಲೆ ನಿಂತಿದೆ. ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿ.ಎಚ್. 8ಕ್ಕೆ ಏರಿದರೆ ಅದು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಕಪ್ಪು ಮಣ್ಣಿನ ಸೀಮೆಯ ಬೋರ್ ನೀರು ಸಾಮಾನ್ಯವಾಗಿ ಗಡುಸು, ಕ್ಷಾರದ ಕಡೆಗೆ ವಾಲಿದ್ದು. ಬೇಸಿಗೆಯ ಬಿಸಿ ಈ ವಿಷವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜೊತೆಗೆ ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 2023ರಲ್ಲಿ ಸಾಂಗ್ಲಿ ಬಳಿ ಕೃಷ್ಣಾ ನದಿಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಓದುಗರಿಗೆ ನೆನಪಿರಬಹುದು. ಹರಿಯುವ ನದಿಗೇ ಹೊಲಸು ತಡೆಯಲು ಆಗದಿದ್ದಾಗ ಐವತ್ತು ಲೀಟರ್ ನಿಂತ ನೀರಿನ ಪಾಡೇನು?

ಮೊದಲು ಮಾಡಬೇಕಾದದ್ದು

ಮೀನು ಸೊರಗಿರುವುದು ಕಂಡ ಕೂಡಲೇ ಆಹಾರ ನಿಲ್ಲಿಸಿರಿ. ಪಾಪ, ಏನೂ ತಿಂದಿಲ್ಲವೆಂದು ಮರುಕಪಡಬೇಡಿರಿ. ಗೋಲ್ಡ್‌ಫಿಶ್‌ಗೆ ಎರಡು ಮೂರು ದಿನದ ಉಪವಾಸ ಏನೂ ಅಲ್ಲ. ಎರಡನೆಯದಾಗಿ, ತೊಟ್ಟಿಯ ಅರ್ಧದಷ್ಟು ನೀರನ್ನು ಸಣ್ಣ ಕೊಳವೆಯಿಂದ ತಳದ ಕಸದೊಂದಿಗೆ ಹೊರತೆಗೆದು ಅಷ್ಟೇ ಹೊಸ ನೀರು ತುಂಬಿರಿ. ಕೊಳವೆಯನ್ನು ಬಾಯಿಂದ ಎಳೆಯಬೇಡಿರಿ, ನೀರು ತುಂಬಿಸಿಕೊಂಡು ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ತಾನೇ ಹರಿಯುತ್ತದೆ. ಮರುದಿನದಿಂದ ಒಂದು ವಾರ ಪ್ರತಿದಿನ ಮೂರನೆಯ ಒಂದು ಭಾಗ ನೀರು ಬದಲಿಸಬೇಕು. ಮೀನು ಚೇತರಿಸಿಕೊಂಡ ಮೇಲೆ ದಿನ ಬಿಟ್ಟು ದಿನ, ಆರು ವಾರ ಕಳೆದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ಸಾಕು. ಬೇಸರದ ಕೆಲಸವೇ ಸರಿ. ಆದರೆ ಇದಕ್ಕಿಂತ ಒಳ್ಳೆಯ ಔಷಧಿ ಯಾವ ಅಂಗಡಿಯಲ್ಲಿಯೂ ಸಿಗದು. ಅಮೋನಿಯಾ ಅಳೆಯುವ ಹನಿ ಔಷಧಿಯ ಕಿಟ್ ಈಗ ಪೇಟೆಯಲ್ಲಿ ದೊರೆಯುತ್ತದೆ, ಅಲಂಕಾರದ ಬಣ್ಣದ ಕಲ್ಲಿಗೆ ಕೊಡುವ ಹಣವನ್ನು ಅದಕ್ಕೆ ಕೊಡುವುದು ಲೇಸು.

ಹೊಸ ನೀರು ಎಂದರೆ ನಳದಿಂದ ನೇರವಾಗಿ ಹಿಡಿದ ನೀರಲ್ಲ. ನಳದ ನೀರಿನಲ್ಲಿರುವ ಕ್ಲೋರಿನ್ ನಮ್ಮನ್ನು ಕಾಲರಾ, ಕಾಮಾಲೆಯಂಥ ರೋಗಗಳಿಂದ ಕಾಪಾಡುತ್ತದೆ, ಮೀನಿನ ಕಿವಿರನ್ನು ಮಾತ್ರ ಕೆಡಿಸುತ್ತದೆ. 2019 ಮತ್ತು 2021ರಂತೆ ನೆರೆ ಬಂದು ಇಳಿದ ಕಾಲದಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹೆಚ್ಚಾಗಿ ಬೀಳುವುದುಂಟು, ಆಗ ಇನ್ನಷ್ಟು ಎಚ್ಚರ ಬೇಕು. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನವಿಡೀ ನೀರು ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಬಕೆಟ್ಟಿಗೆ ತೆಳುವಾದ ಬಟ್ಟೆ ಕಟ್ಟಲು ಮರೆಯದಿರಿ, ಇಲ್ಲವಾದರೆ ಡೆಂಗ್ಯೂ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತಾಗುತ್ತದೆ. ಕಾಯಲು ಸಮಯವಿಲ್ಲದಾಗ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕ ಹನಿಗಳನ್ನು ಬಳಸಬಹುದು. ಅವುಗಳಲ್ಲಿ ಹಲವು ಸೋಡಿಯಂ ಥಯೋಸಲ್ಫೇಟಿನಿಂದಲೇ ಮಾಡಿದವು, ಅಂದರೆ ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಎಂದು ಕರೆಯುತ್ತಿದ್ದ ಹರಳು. ಮಾಳಿಗೆಯ ಪ್ಲಾಸ್ಟಿಕ್ ಟಾಕಿಯಿಂದ ಮಧ್ಯಾಹ್ನ ಬರುವ ಬಿಸಿ ನೀರನ್ನಂತೂ ಹಾಕಲೇಬಾರದು. ಹಳೆಯ ನೀರು, ಹೊಸ ನೀರು ಎರಡರಲ್ಲೂ ಕೈ ಅದ್ದಿ ನೋಡಿದರೆ ಒಂದೇ ತೆರನಾಗಿ ತೋರಬೇಕು.

ಗಾಳಿ ಪಂಪು ಹಗಲೂ ರಾತ್ರಿಯೂ ನಡೆಯಬೇಕು. ಕರೆಂಟು ಹೋದಾಗ ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಒಂದು ಗೇಣು ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಸೇರುತ್ತದೆ. ಇದು ಮಕ್ಕಳು ಸಂತೋಷದಿಂದ ಮಾಡುವ ಕೆಲಸ.

ಹಾಲಿಗೆ ಹೆಪ್ಪು ಹಾಕಿದಂತೆ

ಬರಿಯ ಹಾಲನ್ನು ಎಷ್ಟು ದಿನ ಇಟ್ಟರೂ ಒಳ್ಳೆಯ ಮೊಸರಾಗದು, ಒಂದು ಚಮಚ ಹಳೆಯ ಮೊಸರು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಹೆಪ್ಪುಗಟ್ಟುತ್ತದೆ. ಮೀನಿನ ತೊಟ್ಟಿಗೂ ಅಂಥ ಹೆಪ್ಪು ಉಂಟು. ಪರಿಚಯದವರ ಮನೆಯಲ್ಲಿ ವರ್ಷಗಟ್ಟಲೆ ಆರೋಗ್ಯವಾಗಿ ನಡೆದಿರುವ ತೊಟ್ಟಿ ಇದ್ದರೆ, ಅದರ ಫಿಲ್ಟರಿನ ಕೊಳಕು ಸ್ಪಂಜಿನ ಒಂದು ತುಂಡನ್ನೋ ಒಂದು ಹಿಡಿ ಕಲ್ಲನ್ನೋ ಕೇಳಿ ತನ್ನಿರಿ. ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿನಲ್ಲಿ ಇಡಿರಿ. ಆರು ವಾರದ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ಆ ಮನೆಯ ಮೀನುಗಳಿಗೆ ಯಾವ ರೋಗವೂ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿರಿ.

ಇನ್ನು ಕೆಲವರು ಭಾನುವಾರ ಬಂತೆಂದರೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲು, ಸ್ಪಂಜು, ಗಾಜು ಎಲ್ಲವನ್ನೂ ಸೋಪು ಹಚ್ಚಿ ತಿಕ್ಕಿ ತೊಳೆಯುತ್ತಾರೆ. ಶುಚಿತ್ವದ ಮೇಲಿನ ಪ್ರೀತಿ ಒಳ್ಳೆಯದೇ, ಆದರೆ ಇದು ಹೆಪ್ಪನ್ನು ಮೋರಿಗೆ ಸುರಿದಂತೆ. ತೊಟ್ಟಿ ಪ್ರತಿ ವಾರವೂ ಹೊಸತಾಗುತ್ತದೆ, ಮೀನಿನ ಕಷ್ಟವೂ ಹೊಸತಾಗುತ್ತದೆ. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಿದರೆ ಸಾಕು. ಸೋಪು ಹತ್ತಿರವೂ ಬರಬಾರದು.

ಔಷಧಿಯ ಮಾತು

1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಮಿರಜ ವೈದ್ಯರ ಊರೆಂದೇ ಹೆಸರಾಗಿದೆ. ಔಷಧಿಯ ಮೇಲೆ ನಮಗೆ ಭರವಸೆ ಹೆಚ್ಚು. ಅದಕ್ಕೇ ಇರಬೇಕು, ಮೀನು ಸ್ವಲ್ಪ ಮಂಕಾದರೂ ಟೆಟ್ರಾಸೈಕ್ಲಿನ್ ಗುಳಿಗೆಯನ್ನು ಒಡೆದು ನೀರಿಗೆ ಹಾಕುವವರಿದ್ದಾರೆ. ಜೀವಾಣು ಕೊಲ್ಲುವ ಔಷಧಿ ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೂ ಬಿಡದು. ಮಿಥಿಲಿನ್ ಬ್ಲೂ ಎಂಬ ನೀಲಿ ಔಷಧಿಯೂ ಅಷ್ಟೆ, ಬೇಕೇ ಬೇಕಾದರೆ ಮೀನನ್ನು ಬೇರೆ ಬಕೆಟ್ಟಿನಲ್ಲಿಟ್ಟು ಬಳಸಬೇಕು. ಸಾಂಗ್ಲಿ ಅರಿಶಿನದ ಪೇಟೆ, ಗಾಯಕ್ಕೆಲ್ಲ ಅರಿಶಿನ ಹಚ್ಚುವ ರೂಢಿ ನಮ್ಮದು. ಆದರೂ ಅರಿಶಿನ ಪುಡಿಯನ್ನು ತೊಟ್ಟಿಗೆ ಹಾಕಬೇಡಿರಿ. ಅದು ತಳದಲ್ಲಿ ಕೂತು ಕೊಳೆಯುತ್ತದೆ, ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ಮನೆಯ ಔಷಧಿಗಳಲ್ಲಿ ನಿಜವಾಗಿ ಉಪಯೋಗವಾಗುವುದು ಉಪ್ಪು. ಹತ್ತು ಲೀಟರಿಗೆ ಹತ್ತು ಗ್ರಾಂ, ಅಂದರೆ ಸುಮಾರು ಎರಡು ಸಣ್ಣ ಚಮಚ ಉಪ್ಪನ್ನು ಒಂದು ತಂಬಿಗೆ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿರಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗಲು ಬಿಡುವುದಿಲ್ಲ. ನೀರು ಆರಿದರೂ ಉಪ್ಪು ಆರದು, ಆದ್ದರಿಂದ ಬದಲಿಸಿದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಉಪ್ಪು ಹಾಕಬೇಕು.

ನಿಜವಾದ ರೋಗಗಳೂ ಇಲ್ಲದಿಲ್ಲ. ಮೈ, ರೆಕ್ಕೆಗಳ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡು ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಒಂದು ಪರೋಪಜೀವಿಯ ಕಾಟ. ಉಪ್ಪನ್ನು ಎರಡು ಮೂರು ದಿನಗಳಲ್ಲಿ ಹಂತಹಂತವಾಗಿ ಲೀಟರಿಗೆ ಮೂರು ಗ್ರಾಂವರೆಗೆ ಏರಿಸಿ ಎರಡು ವಾರ ನಡೆಸಬೇಕು. ಚುಕ್ಕೆ ಕಿವಿರಿನ ಮುಚ್ಚಳ ಮತ್ತು ಮುಂದಿನ ರೆಕ್ಕೆಗಳ ಮೇಲೆ ಮಾತ್ರ ಸಾಲಾಗಿ ಇದ್ದರೆ ಗಾಬರಿ ಬೇಡ, ಅದು ಬೆದೆಗೆ ಬಂದ ಗಂಡು ಮೀನಿನ ಲಕ್ಷಣ. ಚೇತರಿಸಿಕೊಳ್ಳುತ್ತಿರುವ ಮೀನಿನ ಮೈಮೇಲೆ ಕಪ್ಪು ಕಲೆ ಮೂಡುವುದೂ ಉಂಟು. ಅಮೋನಿಯಾ ಸುಟ್ಟ ಗಾಯ ಮಾಯುವಾಗ ಹಾಗಾಗುತ್ತದೆ, ಕ್ರಮೇಣ ಹೋಗುತ್ತದೆ. ಹೊಟ್ಟೆ ಊದಿ ಹುರುಪೆಗಳೆಲ್ಲ ಎದ್ದು ನಿಂತರೆ ಮಾತ್ರ ಮೀನು ಉಳಿಯುವುದು ಕಷ್ಟ. ಮಗುವಿಗೆ ಅದನ್ನು ಮೊದಲೇ ಮೆಲ್ಲಗೆ ತಿಳಿಸುವುದು ಒಳ್ಳೆಯದು.

ತೊಟ್ಟಿಯ ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೈಯಲ್ಲಿ ಗಾಯವಿದ್ದವರು ತೊಟ್ಟಿಗೆ ಕೈ ಹಾಕಬಾರದು. ಮೀನಿನ ನೀರಿನಲ್ಲಿರುವ ಒಂದು ಜಾತಿಯ ರೋಗಾಣು ಚರ್ಮದಲ್ಲಿ ತಿಂಗಳುಗಟ್ಟಲೆ ಮಾಯದ ಗಂಟು ಎಬ್ಬಿಸಬಲ್ಲದು.

ಎಷ್ಟು ಮೀನು ಇಡಬಹುದೆಂಬ ಪ್ರಶ್ನೆಗೆ ಅಂಗಡಿಯವರ ಉತ್ತರವನ್ನು ನಂಬಬೇಡಿರಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು ಐವತ್ತು ಲೀಟರ್ ನೀರು. ಅದರಲ್ಲಿ ಒಂದು, ಹೆಚ್ಚೆಂದರೆ ಎರಡು ಮರಿಗಳು ಸಾಕು, ಅವೂ ಬೆಳೆದಂತೆ ದೊಡ್ಡ ತೊಟ್ಟಿ ಬೇಕಾಗುತ್ತದೆ. ದುಂಡನೆಯ ಗಾಜಿನ ಬುರುಡೆ ಮೇಜಿಗೆ ಚೆಂದ, ಮೀನಿಗಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಚೀನಾದೇಶದವರು ಕೊಳಗಳಲ್ಲಿ ಸಾಕಿ ಬಣ್ಣ ತರಿಸಿದ ಈ ಮೀನು ನಮ್ಮ ರೋಹು, ಕಾಟ್ಲಾಗಳ ಕುಟುಂಬಕ್ಕೇ ಸೇರಿದ್ದು. ಬೆರಳುದ್ದದ ಮರಿ ಒಂದು ಗೇಣು ಬೆಳೆಯಬಲ್ಲದು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ 1956ರ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, 43 ವರ್ಷ ಬದುಕಿತ್ತು.

ಇದಕ್ಕೆ ನಿಜವಾದ ಹೊಟ್ಟೆಯ ಚೀಲವೇ ಇಲ್ಲ. ಆದ್ದರಿಂದ ದಿನಕ್ಕೆರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿರಿ. ಚುರುಮುರಿ, ಬ್ರೆಡ್ಡು, ಅನ್ನ ಬೇಡ. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಚೂರು ಕೊಟ್ಟರೆ ಮಲಬದ್ಧತೆ ಬಾರದು.

ತೊಟ್ಟಿಯಿಂದ ತೆಗೆದ ನೀರನ್ನು ಗುಲಾಬಿ, ಕರಿಬೇವಿನ ಗಿಡಗಳಿಗೆ ಹಾಕಿರಿ, ಅದರಲ್ಲಿರುವ ನೈಟ್ರೇಟ್ ಒಳ್ಳೆಯ ಗೊಬ್ಬರ. ಉಪ್ಪು ಹಾಕಿದ ದಿನಗಳ ನೀರನ್ನು ಮಾತ್ರ ಗಿಡದ ಬುಡಕ್ಕೆ ಹಾಕಬಾರದು. ಸವಳು ಭೂಮಿಯ ಕಷ್ಟ ಮಿರಜ, ಶಿರೋಳ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮೀನು ಸಾಕುವುದು ಸಾಕೆನಿಸಿದರೆ ಅದನ್ನು ಕೃಷ್ಣೆಗಾಗಲಿ, ಊರ ಕೆರೆಗಾಗಲಿ ಬಿಡಬೇಡಿರಿ. ನಮ್ಮ ನದಿಯ ಮೀನುಗಳಿಗೆ ಹೊಸ ರೋಗ ಅಂಟುವುದು ಹಾಗೆಯೇ. ದೊಡ್ಡ ತೊಟ್ಟಿ ಇರುವ ಯಾರಿಗಾದರೂ ಕೊಡಿರಿ.