ಸುತ್ತಿನಿಂದ ಸುತ್ತಿಗೆ: ಕ್ರೋಶಾ ಕಡ್ಡಿಯ ಲೆಕ್ಕ

ದುಂಡನೆಯ ಕ್ರೋಶಾ ಹಾಸು ಹೆಣೆಯಲು ಕುಳಿತ ಮಕ್ಕಳಲ್ಲಿ ಅನೇಕರು ನಾಲ್ಕನೆಯ ಸುತ್ತಿಗೇ ಕಡ್ಡಿ ಕೆಳಗಿಡುತ್ತಾರೆ. ಚಪ್ಪಟೆಯಾಗಿ ಕೂರಬೇಕಾದ ಹಾಸು ಬಟ್ಟಲಿನಂತೆ ಮೇಲೇಳುತ್ತದೆ, ಇಲ್ಲವೇ ಅಂಚು ನೆರಿಗೆಗಟ್ಟುತ್ತದೆ. 'ನನ್ನ ಕೈಗೆ ಇದು ಒಗ್ಗದು' ಎಂಬ ತೀರ್ಮಾನ ಅಲ್ಲಿಗೇ ಆಗಿಬಿಡುತ್ತದೆ. ತೊಡಕು ಇರುವುದು ಮಾತ್ರ ಎಣಿಕೆಯಲ್ಲಿ.

ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟಲು ಎರಡು ದಾರಿಗಳಿವೆ. ಮೊದಲನೆಯದು, ಸುತ್ತಿನ ಕೊನೆಯನ್ನು ಅದರ ಮೊದಲ ಹೊಲಿಗೆಗೆ ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿ, ಸರಪಣಿ ಹಾಕಿ ಮೇಲೇರುವುದು. ಈ ಸರಪಣಿ ಏಣಿಯಿದ್ದಂತೆ. ಹೊಲಿಗೆ ಎಷ್ಟು ಎತ್ತರವೋ ಏಣಿಯೂ ಅಷ್ಟೇ ಎತ್ತರ. ಗಿಡ್ಡನೆಯ ಸಿಂಗಲ್ ಕ್ರೋಶಾಗೆ 1 ಸರಪಣಿ, ಎತ್ತರದ ಡಬಲ್ ಕ್ರೋಶಾಗೆ 3. ಆ 1 ಸರಪಣಿಯನ್ನು ಸಾಮಾನ್ಯವಾಗಿ ಹೊಲಿಗೆಯೆಂದು ಎಣಿಸುವುದಿಲ್ಲ. ಆದ್ದರಿಂದ ಮೊದಲ ಹೊಲಿಗೆ ಕೂಡಿಸಿದ ಜಾಗದಲ್ಲೇ ಬೀಳಬೇಕು. 3 ಸರಪಣಿಯಾದರೆ ಅದೇ ಒಂದು ಹೊಲಿಗೆ ಎಂದು ಲೆಕ್ಕ. ಕೂಡಿಸಿದ ಸ್ಲಿಪ್ ಸ್ಟಿಚ್ ಮಾತ್ರ ಲೆಕ್ಕಕ್ಕಿಲ್ಲ. ಅದರೊಳಗೂ ಕಡ್ಡಿ ತೂರಿಸಿದರೆ ಪ್ರತಿ ಸುತ್ತಿಗೂ ಒಂದೊಂದು ಹೊಲಿಗೆ ಹೆಚ್ಚುತ್ತದೆ.

ಎರಡನೆಯ ದಾರಿ, ಎಲ್ಲಿಯೂ ಕೂಡಿಸದೆ ಶಂಖದ ಸುರುಳಿಯಂತೆ ಹೆಣೆಯುತ್ತಾ ಹೋಗುವುದು. ಇದರಲ್ಲಿ ಸುತ್ತು ಎಲ್ಲಿ ಮುಗಿಯಿತೆಂಬುದು ಕಣ್ಣಿಗೆ ಕಾಣದು. ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರವನ್ನೋ ಪಿನ್ನನ್ನೋ ಸಿಕ್ಕಿಸಿಡಿ.

ಪುಸ್ತಕ ನೋಡಿ ಹೆಣೆಯುವವರಿಗೆ ಇನ್ನೊಂದು ಮಾತು. ಅಮೆರಿಕದವರ 'ಸಿಂಗಲ್ ಕ್ರೋಶಾ' ಬ್ರಿಟಿಷ್ ಪುಸ್ತಕಗಳಲ್ಲಿ 'ಡಬಲ್ ಕ್ರೋಶಾ' ಆಗುತ್ತದೆ. ಇಲ್ಲಿ ಬಳಸಿರುವುದು ಅಮೆರಿಕದ ಹೆಸರುಗಳನ್ನು.

ಇನ್ನು ಹೊಲಿಗೆ ಹೆಚ್ಚಿಸುವ ಲೆಕ್ಕ. ವೃತ್ತದ ಪರಿಧಿ 2πr ಎಂದು ಶಾಲೆಯಲ್ಲಿ ಓದಿದ್ದೀರಿ. ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ ಅದರ ಸುಮಾರು 6.28 ಪಟ್ಟು ಬೆಳೆಯಲೇಬೇಕು. ಸಿಂಗಲ್ ಕ್ರೋಶಾ ಹೊಲಿಗೆಯ ಅಗಲ, ಎತ್ತರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸುತ್ತಿಗೆ 6 ಹೊಲಿಗೆ ಹೆಚ್ಚಿಸಿದರೆ ಸಾಕು: 6, 12, 18, 24. ಡಬಲ್ ಕ್ರೋಶಾ ಎತ್ತರವಾದ್ದರಿಂದ ಸಾಮಾನ್ಯವಾಗಿ 12 ಬೇಕು. ಕಡಿಮೆ ಹೆಚ್ಚಿಸಿದರೆ ಬಟ್ಟಲು, ಅತಿಯಾದರೆ ನೆರಿಗೆ.

ಈ ನೆರಿಗೆಯೂ ವ್ಯರ್ಥವಲ್ಲ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞೆ ಡೈನಾ ತೈಮಿನಾ ಬೇಕೆಂದೇ ಒಂದೇ ಅನುಪಾತದಲ್ಲಿ ಹೊಲಿಗೆ ಹೆಚ್ಚಿಸುತ್ತಾ ಹೋಗಿ, 'ಹೈಪರ್‌ಬೋಲಿಕ್' ಎಂಬ ಜ್ಯಾಮಿತಿಯ ಮಾದರಿಯನ್ನು ಹೆಣೆದರು. ಅದಕ್ಕೆ ಮುಂಚಿನ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುವಂಥವು. ನೂಲಿನದನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾಯಿತು. ನಮ್ಮ ಹಿತ್ತಲಿನ ಕೋಳಿಜುಟ್ಟಿನ ಹೂವಿನಲ್ಲೂ ಇಂಥದೇ ನೆರಿಗೆ ಕಾಣುತ್ತೇವೆ.

'ಲೆಕ್ಕ ನನ್ನ ತಲೆಗೆ ಹತ್ತದು' ಎನ್ನುವ ತಾಯಂದಿರು ಎಂಟನೆಯ ಸುತ್ತಿನ 48 ಹೊಲಿಗೆಗಳನ್ನು ಮಾತಿನ ನಡುವೆಯೂ ತಪ್ಪದೆ ಎಣಿಸಬಲ್ಲರು. ಈ ಬಾರಿಯ ರಜೆಯಲ್ಲಿ ಮಗಳಷ್ಟೇ ಅಲ್ಲ, ಮಗನೂ ಅವರ ಪಕ್ಕ ಕುಳಿತು ಕಡ್ಡಿ ಹಿಡಿಯಲಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ 2πr ಆಗ ಬೆರಳಿಗೂ ಅರ್ಥವಾಗುತ್ತದೆ.