ಕೊಡಲಿಯ ವೇಗ, ಮರದ ನಿಧಾನ

ಕೂಡಲಿಯ ಸಂಗಮಕ್ಕೆ ಸಮೀಪದ ಹೊಳಲೂರು ಬಯಲಿನ ಊರು. ಇಂಥ ಊರುಗಳ ಮನೆಯ ತೊಲೆಗೆ, ಬಾಗಿಲಿನ ಚೌಕಟ್ಟಿಗೆ, ಗಾಡಿಯ ನೊಗಕ್ಕೆ ಒದಗಿದ ಗಟ್ಟಿ ಮರವೆಲ್ಲ ಪಡುವಣದ ಮಲೆನಾಡಿನ ಕೊಡುಗೆ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮೊದಲಾದ ಈ ಮರಗಳು ಬುಡದಿಂದ ಬೇರ್ಪಟ್ಟು ಬಯಲಿಗೆ ಇಳಿದು ಬರಲು ಎಂತೆಂಥ ಉಪಕರಣಗಳು ಬೇಕಾದವು, ಅವು ಬದಲಾದಂತೆ ಕಾಡು ಹೇಗೆ ಬದಲಾಯಿತು ಎಂಬುದು ವಿಚಾರಮಾಡತಕ್ಕ ಸಂಗತಿ.

ಮೊದಲಿನ ಆಯುಧ ಕೊಡಲಿ. ಅದರಿಂದ ಮರವನ್ನು ಉರುಳಿಸಬಹುದು. ಆದರೆ ಬುಡದ ಸುತ್ತ ಸಾಕಷ್ಟು ಒಳ್ಳೆಯ ಮರ ಚಕ್ಕೆಯಾಗಿ ಹಾಳಾಗುತ್ತದೆ. ಇಬ್ಬರು ಎದುರುಬದುರು ಕುಳಿತು ಎಳೆಯುವ ಅಡ್ಡಗರಗಸ ಈ ನಷ್ಟವನ್ನು ತಗ್ಗಿಸಿತು. ಆಗಲೂ ಕೊಡಲಿಗೆ ಕೆಲಸ ತಪ್ಪಲಿಲ್ಲ. ಮರ ಬೀಳಬೇಕಾದ ಕಡೆಗೆ ಕೊಡಲಿಯಿಂದ ಕಚ್ಚು ಕಡಿದು, ಹಿಂಬದಿಯಿಂದ ಗರಗಸ ಹಾಕುವುದು ಕ್ರಮ. ಗರಗಸ ಸಿಕ್ಕಿಕೊಳ್ಳದಂತೆ ಕೊಯ್ದ ಸಂದಿಗೆ ಬೆಣೆ ಹೊಡೆಯುತ್ತಾರೆ. ನಡುವೆ ಉಳಿಸಿದ ತೆಳುವಾದ ಪಟ್ಟಿಯೇ ಬಾಗಿಲ ತಿರುಗಣೆಯಂತೆ ಮರವನ್ನು ನೆಟ್ಟಗೆ ಮಲಗಿಸುತ್ತದೆ. ಈ ಲೆಕ್ಕ ತಪ್ಪಿದರೆ ಕಡಿಯುವವನ ಪ್ರಾಣಕ್ಕೇ ಸಂಚಕಾರ.

ಬಿದ್ದ ದಿಮ್ಮಿಯನ್ನು ಹಲಗೆ ಮಾಡುವುದು ಬೇರೆಯೇ ವಿದ್ಯೆ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡಲಾಗಿ ಇರಿಸಿ ಒಬ್ಬನು ಮೇಲೆ ನಿಲ್ಲುತ್ತಿದ್ದನು, ಇನ್ನೊಬ್ಬನು ಗುಂಡಿಯೊಳಗೆ. ಮೇಲಿನವನು ದಾರ ಹಿಡಿದು ಹಾಕಿದ ಗುರುತಿನ ಮೇಲೆ ಕಣ್ಣಿಡಬೇಕು. ಕೆಳಗಿನವನು ಮೈಮೇಲೆ ಸುರಿಯುವ ಹೊಟ್ಟಿನಲ್ಲೇ ಎಳೆಯಬೇಕು. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಅತಿ ಸ್ವಲ್ಪವೇ ಬಾಗಿಸುವ ಕೈಚಳಕದ ಮೇಲೆ ಹಲಗೆಯ ನಯವೂ ನಿಂತಿತ್ತು, ಪೋಲಾಗುವ ಹೊಟ್ಟಿನ ಪ್ರಮಾಣವೂ ನಿಂತಿತ್ತು. ಶ್ರೀಗಂಧಕ್ಕೆ ಮಾತ್ರ ಈ ನಿಯಮವಿಲ್ಲ. ಅದರ ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಗುದ್ದಲಿ ಹಿಡಿದು ಬುಡಸಹಿತ ಅಗೆದು ತೆಗೆಯುವರು. ಅದರ ಪುಡಿಗೂ ಬೆಲೆಯುಂಟು.

ಕಡಿಯುವುದಕ್ಕಿಂತ ಸಾಗಿಸುವುದೇ ಕಠಿಣ. ದಾರಿಯಿಲ್ಲದ ಇಳಿಜಾರಿನಲ್ಲಿ ದಿಮ್ಮಿಗೆ ಸರಪಳಿ ಬಿಗಿದು ಎಳೆಯಲು ಆನೆಯನ್ನು ಮೀರಿದ ಯಂತ್ರ ಬಹುಕಾಲ ಇರಲಿಲ್ಲ. ಶಿವಮೊಗ್ಗಕ್ಕೆ ಹತ್ತಿರದ ಸಕ್ರೆಬೈಲಿನ ಆನೆಗಳಿಗೂ ಹಿಂದೆ ಇದೇ ಕಾಯಕವಾಗಿತ್ತು. ಆನೆ ದಣಿಯುತ್ತದೆ, ಅದಕ್ಕೆ ಮೇವು ಬೇಕು, ಮೀಯಲು ನೀರು ಬೇಕು. ಆದ್ದರಿಂದ ದಿನಕ್ಕೆ ಇಷ್ಟೇ ಕೆಲಸವೆಂಬ ಮಿತಿಯಿತ್ತು. ಮನುಷ್ಯನ ತೋಳಿಗೂ ಅದೇ ಮಿತಿ. ಆ ಮಿತಿಯೇ ಕಾಡಿಗೆ ಬೇಲಿಯಾಗಿತ್ತು.

ಈ ಬೇಲಿಯನ್ನು ಮುರಿದದ್ದು ಉಗಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಡಾಲ್ಬೀರ್ ಎಂಬಾತನು ದಿಮ್ಮಿ ಎಳೆಯುವ ಉಗಿಯಂತ್ರಕ್ಕೆ 1882ರಲ್ಲಿ ಪೇಟೆಂಟ್ ಪಡೆದನು. ನಮ್ಮಲ್ಲಿ ಉಗಿಯುಗ ಬೇರೊಂದು ರೂಪದಲ್ಲಿ ಕಾಡನ್ನು ಹೊಕ್ಕಿತು. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಅದಿರನ್ನು ಕರಗಿಸಲು ಮರದ ಇದ್ದಲನ್ನೇ ನಂಬಬೇಕಾಯಿತು. ಕಾಡಿನೊಳಕ್ಕೆ ಕಿರು ರೈಲುಹಳಿ ಹಾಯ್ದಿತು. ಕಡಿದು ಒಣಗಿಸಿದ ತುಂಡುಗಳನ್ನು ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿಟ್ಟು ಕಾಯಿಸಿದರೆ ಇದ್ದಲು ಉಳಿಯುತ್ತಿತ್ತು. ಹೊರಬಿದ್ದ ಹಬೆಯನ್ನು ತಣಿಸಿದರೆ ಟಾರು, ಮರದ ಮದ್ಯಸಾರ ಮೊದಲಾದವು ದೊರೆಯುತ್ತಿದ್ದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಟಾ ಬಯಸುವವನು ಮರವನ್ನು ಆರಿಸುತ್ತಾನೆ. ಸೊಟ್ಟ ಮರವನ್ನೂ ಪೊಳ್ಳು ಮರವನ್ನೂ ಬಿಟ್ಟುಹೋಗುತ್ತಾನೆ. ಇದ್ದಲಿನ ಪಾತ್ರೆಗೆ ಅಂಥ ಆಯ್ಕೆ ಬೇಕಿಲ್ಲ. ಅದುವರೆಗೆ ಬೆಲೆಯಿಲ್ಲದ್ದರಿಂದ ಉಳಿದುಕೊಂಡಿದ್ದ ಕಾಡುಮರಗಳಿಗೂ ಆಗ ಬೆಲೆ ಬಂದಿತು. ಬೆಲೆ ಬಂದದ್ದೇ ಅವುಗಳಿಗೆ ಕುತ್ತಾಯಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖವನ್ನು ವಿದ್ಯುತ್ತೇ ಒದಗಿಸುವ ಇಂಥ ಕುಲುಮೆಯಲ್ಲಿ ಅದಿರಿನ ಆಮ್ಲಜನಕವನ್ನು ಕಳೆಯುವುದಕ್ಕೆ ಮಾತ್ರ ಇದ್ದಲಿನಂಥ ಪದಾರ್ಥ ಸಾಕು. ಕಾಡಿನ ಹೊರೆಯನ್ನು ಇಳಿಸಿದ ಯಂತ್ರ ಕಾಡಿನಲ್ಲಿ ಇರಲಿಲ್ಲ, ಕಾರ್ಖಾನೆಯಲ್ಲಿತ್ತು ಎಂಬುದು ನೆನಪಿಡತಕ್ಕ ಮಾತು.

ಕಡಿಯುವ ಯಂತ್ರವಾದರೋ ಮುಂದುವರಿಯುತ್ತಲೇ ಇತ್ತು. ಜರ್ಮನಿಯ ಆಂಡ್ರೆಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸವನ್ನು ರೂಪಿಸಿದನು. 1929ರಲ್ಲಿ ಪೆಟ್ರೋಲಿನದು ಬಂದಿತು. ಅದರ ಹಲ್ಲಿಗೆ ಈಗಿನ ರೂಪ ದೊರೆತದ್ದು ಒಂದು ಹುಳುವಿನಿಂದ! ಮರ ಕೊರೆಯುವ ಜೀರುಂಡೆಯ ಮರಿಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಲೀಸಾಗಿ ಮುನ್ನಡೆಯುವುದನ್ನು ಕಂಡ ಅಮೆರಿಕದ ಜೋಸೆಫ್ ಕಾಕ್ಸ್, ಅದೇ ಬಗೆಯ ಹಲ್ಲಿನ ಸರಪಳಿಯನ್ನು 1947ರಲ್ಲಿ ಮಾರುಕಟ್ಟೆಗೆ ತಂದನು. ಇಬ್ಬರು ಗಂಟೆಗಟ್ಟಲೆ ಬೆವರು ಸುರಿಸಬೇಕಿದ್ದ ಬುಡವನ್ನು ಈಗ ಒಬ್ಬನು ಕೆಲವೇ ನಿಮಿಷಗಳಲ್ಲಿ ಕೊಯ್ಯುತ್ತಾನೆ. ಸರಪಳಿಯ ತುದಿ ಗಟ್ಟಿ ಮರಕ್ಕೆ ತಾಗಿ ಹಿಂದಕ್ಕೆ ಚಿಮ್ಮಿದರೆ ಅಪಾಯವೂ ಅಷ್ಟೇ ಶೀಘ್ರ.

ಆದರೆ ತೇಗ ಮಾತ್ರ ಆತುರಪಡಲಿಲ್ಲ. ಒಳ್ಳೆಯ ನಾಟಾ ಆಗಲು ಅದಕ್ಕೆ ಇಂದಿಗೂ 50 ವರ್ಷಕ್ಕೂ ಮೇಲೆ ಬೇಕು. ಯಂತ್ರದ ವೇಗಕ್ಕೆ ಹೊಂದುವ ಮರವನ್ನೇ ಬೆಳೆಸೋಣವೆಂದು ಮನುಷ್ಯನು ನೀಲಗಿರಿ, ಅಕೇಶಿಯಾಗಳ ನೆಡುತೋಪುಗಳನ್ನು ಎಬ್ಬಿಸಿದನು. ಸಾಲುಸಾಲಾಗಿ ನಿಂತ ಒಂದೇ ಜಾತಿಯ ಮರ ಕಾಗದಕ್ಕೆ ಒದಗೀತು. ಕಾಡಿನ ಹಕ್ಕಿಗೂ ಹಣ್ಣಿಗೂ ಒದಗಲಾರದು.

ಕೊನೆಗೆ ತೋಳಿನ ಮಿತಿ ಹೋದ ಕಡೆ ಕಾನೂನಿನ ಮಿತಿ ಬರಬೇಕಾಯಿತು. ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ಸಕ್ರೆಬೈಲಿನ ಆನೆಗಳು ಇಂದು ದಿಮ್ಮಿ ಎಳೆಯುವುದಿಲ್ಲ; ಊರಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯಲು ಹೋಗುತ್ತವೆ. ಉಪಕರಣವನ್ನು ಹರಿತಗೊಳಿಸುವ ವಿದ್ಯೆಯನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಅದನ್ನು ಯಾವಾಗ ಕೆಳಗಿಡಬೇಕೆಂಬುದು ಮಾತ್ರ ಯಾವ ಯಂತ್ರವೂ ಹೇಳಿಕೊಡದ ವಿದ್ಯೆ.