ತಂತ್ರಾಂಶ ರಚನೆಯಲ್ಲಿ ಕಮಿಟ್ ಸಂದೇಶದ ಸ್ವರೂಪ

ಓಲೆಗರಿಯ ಪ್ರತಿಗಳನ್ನು ಪರಿಶೀಲಿಸಿದವರಿಗೆ ಒಂದು ತೊಡಕು ಪರಿಚಿತವಾದುದೇ. ಲಿಪಿಕಾರನು ಒಂದೆಡೆ ಅಕ್ಷರವನ್ನು ಹೊಡೆದುಹಾಕಿ ಬೇರೊಂದನ್ನು ಬರೆದಿರುತ್ತಾನೆ. ತಿದ್ದಿದುದು ಕಣ್ಣಿಗೆ ಕಾಣುತ್ತದೆ. ಏತಕ್ಕಾಗಿ ತಿದ್ದಿದನೆಂಬುದು ಕಾಣುವುದಿಲ್ಲ. ಅವನ ಮುಂದೆ ಮತ್ತೊಂದು ಪ್ರತಿಯಿದ್ದಿತೋ, ಛಂದಸ್ಸು ಕೆಟ್ಟಿತೆಂದು ತಾನೇ ಊಹಿಸಿದನೋ, ಸಂಪಾದಕನು ಹೇಳಲಾರನು. ಅನೇಕರು ಕೂಡಿ ಗಣಕದ ತಂತ್ರಾಂಶವನ್ನು ರಚಿಸುವಾಗಲೂ ಇದೇ ತೊಡಕು ಒದಗುವುದುಂಟು. ಅದರ ನಿವಾರಣೆಗೆ ಇರುವ ಸಾಧನವೇ ಕಮಿಟ್ ಸಂದೇಶ.

ಇಂದು ಬಹುವಾಗಿ ಬಳಕೆಯಲ್ಲಿರುವ ಗಿಟ್ ಎಂಬ ವ್ಯವಸ್ಥೆಯನ್ನು ಲಿನಸ್ ಟೊರ್ವಾಲ್ಡ್ಸ್ ಅವರು ೨೦೦೫ರಲ್ಲಿ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕಾಗಿ ರಚಿಸಿದರು. ಬದಲಾವಣೆಯೊಂದನ್ನು ದಾಖಲೆಗೆ ಸೇರಿಸುವುದಕ್ಕೆ ಅದರಲ್ಲಿ ಕಮಿಟ್ ಎಂದು ಹೆಸರು. ಕಡತಗಳ ಆಗಿನ ಸ್ಥಿತಿ, ಹಿಂದಿನ ಕಮಿಟ್ಟಿನ ಗುರುತು, ಕರ್ತೃವಿನ ಹೆಸರು, ಕಾಲ, ಸಂದೇಶ ಇವೆಲ್ಲವನ್ನೂ ಒಟ್ಟಿಗೆ ಗಣಿಸಿ ಪ್ರತಿಯೊಂದು ಕಮಿಟ್ಟಿಗೂ ಒಂದು ಗುರುತುಸಂಖ್ಯೆಯನ್ನು ಕೊಡಲಾಗುತ್ತದೆ. ಆದುದರಿಂದ ಸಂದೇಶದ ಒಂದಕ್ಷರವನ್ನು ಬದಲಿಸಿದರೂ ಆ ಕಮಿಟ್ಟಿನ ಮತ್ತು ಅದರಿಂದ ಮುಂದೆ ಬೆಳೆದ ಎಲ್ಲ ಕಮಿಟ್ಟುಗಳ ಗುರುತು ಬೇರೆಯಾಗುತ್ತದೆ. ಇತರರೊಡನೆ ಹಂಚಿಕೊಂಡ ಬಳಿಕ ತಿದ್ದುವುದು ತೊಂದರೆಯ ಕೆಲಸ. ಬರೆಯುವಾಗಲೇ ಸರಿಯಾಗಿ ಬರೆಯಬೇಕು.

ಏನು ಬದಲಾಯಿತೆಂಬುದನ್ನು ಗಿಟ್ ತಾನಾಗಿ ತೋರಿಸಬಲ್ಲುದು. ಏಕೆ ಬದಲಾಯಿತೆಂಬುದನ್ನು ಬರೆದವನೇ ಹೇಳಬೇಕು. ಕಾಲೇಜಿನ ಫಲಿತಾಂಶಪಟ್ಟಿಯನ್ನು ಸಿದ್ಧಪಡಿಸುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳೋಣ. ಅಂಕದ ಸ್ಥಾನ ಬರಿದಾಗಿದ್ದರೆ ಆ ವಿದ್ಯಾರ್ಥಿಯನ್ನು ಸರಾಸರಿಯ ಲೆಕ್ಕದಿಂದ ಬಿಡಬೇಕೆಂಬ ಸಾಲನ್ನು ಒಬ್ಬರು ಸೇರಿಸಿ, ಸಂದೇಶದಲ್ಲಿ ‘ದೋಷ ಸರಿಪಡಿಸಿದೆ’ ಎಂದಷ್ಟೇ ಬರೆಯುತ್ತಾರೆ. ಎರಡು ವರ್ಷಗಳ ತರುವಾಯ ಬಂದ ಹೊಸಬನು, ಉಳಿದ ಕಡೆಗಳಲ್ಲಿ ಬರಿದಾದ ಸ್ಥಾನವನ್ನು ಸೊನ್ನೆಯೆಂದೇ ಎಣಿಸಿರುವುದನ್ನು ಕಂಡು, ಈ ಸಾಲು ಅನಾವಶ್ಯಕವೆಂದು ತೆಗೆದುಹಾಕುತ್ತಾನೆ. ಮುಂದಿನ ಪಟ್ಟಿಯಲ್ಲಿ ಪರೀಕ್ಷೆಗೆ ಬಾರದವರೆಲ್ಲರೂ ಸೊನ್ನೆ ಪಡೆದವರಾಗಿ ತರಗತಿಯ ಸರಾಸರಿ ಕುಸಿಯುತ್ತದೆ. ತಪ್ಪು ಹೊಸಬನದೆನ್ನಲು ನನಗೆ ಮನಸ್ಸಿಲ್ಲ. ಯಾವ ಸಾಲು ಯಾವ ಕಮಿಟ್ಟಿನಿಂದ ಬಂದಿತೆಂದು ತೋರಿಸುವ ‘ಬ್ಲೇಮ್’ ಎಂಬ ಆಜ್ಞೆಯನ್ನು ಬಳಸಿ ಅವನು ಹಳೆಯ ಸಂದೇಶವನ್ನು ಓದಿಯೇ ಇದ್ದನು, ಅಲ್ಲಿ ಉತ್ತರವಿರಲಿಲ್ಲ. ಅದನ್ನು ಹೀಗೆ ಬರೆಯಬಹುದಾಗಿತ್ತು:

ಫಲಿತಾಂಶ: ಗೈರುಹಾಜರಾದವರನ್ನು ಸರಾಸರಿಯಿಂದ ಬಿಡು

ಗೈರುಹಾಜರಾದವರ ಅಂಕದ ಸ್ಥಾನ ಬರಿದಾಗಿರುತ್ತದೆ. ಅದನ್ನು ಸೊನ್ನೆಯೆಂದು ಎಣಿಸಿದ್ದರಿಂದ ಸರಾಸರಿ ಕಡಮೆಯಾಗುತ್ತಿತ್ತು. ನಿಜವಾಗಿ ಸೊನ್ನೆ ಪಡೆದವರು ಲೆಕ್ಕದಲ್ಲಿ ಉಳಿಯುತ್ತಾರೆ.

ಮೊದಲ ಸಾಲು ಶೀರ್ಷಿಕೆ, ಅದರ ಕೆಳಗೆ ಒಂದು ಸಾಲು ಖಾಲಿ, ಬಳಿಕ ವಿವರಣೆ. ಇಂಗ್ಲಿಷಿನಲ್ಲಿ ಶೀರ್ಷಿಕೆಯನ್ನು ಸುಮಾರು ೫೦ ಚಿಹ್ನೆಗಳಿಗೂ ವಿವರಣೆಯ ಸಾಲುಗಳನ್ನು ೭೨ಕ್ಕೂ ಮಿತಿಗೊಳಿಸುವ ಸಂಪ್ರದಾಯವಿದೆ. ಕಮಿಟ್ಟುಗಳ ಸಂಕ್ಷಿಪ್ತ ಪಟ್ಟಿಯಲ್ಲಿ ಶೀರ್ಷಿಕೆಯೊಂದೇ ಕಾಣುವುದರಿಂದ ಅದು ಚಿಕ್ಕದಾಗಿರುವುದು ಉಚಿತ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಮೇಲಿನ ಶೀರ್ಷಿಕೆಯಲ್ಲಿ ನಾವು ಎಣಿಸುವ ಅಕ್ಷರಗಳು ೨೧; ಗುಣಿತದ ಚಿಹ್ನೆಗಳನ್ನೂ ಒತ್ತುಗಳನ್ನೂ ಬೇರೆಬೇರೆಯಾಗಿ ಕಾಣುವ ಯೂನಿಕೋಡಿನ ಎಣಿಕೆಯಲ್ಲಿ, ತೆರಪುಗಳೂ ಸೇರಿ, ೪೧. ಆದಕಾರಣ ಇಂಗ್ಲಿಷಿನ ಮಿತಿಯನ್ನು ಕಣ್ಣುಮುಚ್ಚಿ ಅನುಸರಿಸಬೇಕಾಗಿಲ್ಲ.

ಶೀರ್ಷಿಕೆಯ ಕ್ರಿಯಾಪದವು ವಿಧ್ಯರ್ಥದಲ್ಲಿರಬೇಕೆಂಬುದು ಇನ್ನೊಂದು ರೂಢಿ. ಗಿಟ್ ತಾನೇ ರಚಿಸುವ ‘ಮರ್ಜ್’, ‘ರಿವರ್ಟ್’ ಎಂಬ ಶೀರ್ಷಿಕೆಗಳೂ ಆ ರೂಪದವೇ. ಕನ್ನಡದಲ್ಲಿ ‘ಬಿಡು’ ಎಂಬುದು ಏಕವಚನದ ಆಜ್ಞೆಯಂತೆ ಕೆಲವರ ಕಿವಿಗೆ ಒರಟಾಗಿ ಕೇಳಿಸೀತು. ‘ಬಿಡುವಿಕೆ’ ಎಂದು ಬರೆದರೂ ಕೇಡಿಲ್ಲ. ಒಂದೇ ತಂಡದವರು ಒಂದೇ ರೂಪವನ್ನು ಹಿಡಿದರೆ ಪಟ್ಟಿಯನ್ನು ಓದುವುದು ಸುಲಭವಾಗುತ್ತದೆ.

ಒಂದು ಕಮಿಟ್ಟಿನಲ್ಲಿ ಒಂದೇ ಬದಲಾವಣೆ ಇರಬೇಕೆಂಬುದಕ್ಕೆ ಬಲವಾದ ಕಾರಣವಿದೆ. ದೋಷವು ಎಂದು ಹೊಕ್ಕಿತೆಂದು ತಿಳಿಯಲು ಗಿಟ್ಟಿನ ‘ಬೈಸೆಕ್ಟ್’ ಆಜ್ಞೆಯು ಕಮಿಟ್ಟುಗಳ ಸರಣಿಯನ್ನು ಮತ್ತೆ ಮತ್ತೆ ಅರ್ಧಿಸುತ್ತ ಹೋಗುತ್ತದೆ. ಸಾವಿರ ಕಮಿಟ್ಟುಗಳಿದ್ದರೂ ಸುಮಾರು ಹತ್ತು ಪರೀಕ್ಷೆಗಳು ಸಾಕು. ಆದರೆ ಕೊನೆಗೆ ದೊರೆತ ಕಮಿಟ್ಟಿನಲ್ಲಿ ಇಪ್ಪತ್ತು ಸಂಗತಿಗಳು ಬೆರೆತು, ಸಂದೇಶವು ‘ಹಲವು ಬದಲಾವಣೆಗಳು’ ಎಂದಿದ್ದರೆ ಹುಡುಕಾಟವು ಮತ್ತೆ ಮೊದಲಾಗುತ್ತದೆ. ಲಿನಕ್ಸ್ ಕರ್ನೆಲ್ಲಿನವರು ಹಾಗೆ ಪತ್ತೆಯಾದ ದೋಷವನ್ನು ತಿದ್ದುವಾಗ, ‘ಫಿಕ್ಸಸ್’ ಎಂಬ ಸಾಲಿನಲ್ಲಿ ಮೂಲ ಕಮಿಟ್ಟಿನ ಗುರುತಿನ ಮೊದಲ ೧೨ ಚಿಹ್ನೆಗಳನ್ನೂ ಅದರ ಶೀರ್ಷಿಕೆಯನ್ನೂ ನಮೂದಿಸುತ್ತಾರೆ. ಹಳೆಯ ಆವೃತ್ತಿಗಳನ್ನು ಕಾಯ್ದುಕೊಂಡು ಬರುವವರು ಆ ತಿದ್ದುಪಡಿ ತಮಗೂ ಬೇಕೇ ಎಂಬುದನ್ನು ಆ ಒಂದು ಸಾಲಿನ ನೆರವಿನಿಂದ ನಿರ್ಣಯಿಸಿಕೊಳ್ಳಬಲ್ಲರು.